ಭೂಮಿಯ ಕಾಂತ ವಿಶ್ವಕಿರಣಗಳನ್ನು ತಡೆಯುತ್ತದೆಯೋ, ತಿರುಗಿಸುತ್ತದೆಯೋ?

ಬೋಧನಾಭ್ಯಾಸದ ಎರಡನೆಯ ಹಂತದಲ್ಲಿ ಹತ್ತನೆಯ ತರಗತಿಯ ‘ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳು’ ಪಾಠ ನನ್ನ ಪಾಲಿಗೆ ಬಂತು. ಫ್ಲೆಮಿಂಗನ ಎಡಗೈ ನಿಯಮ ಮುಗಿದ ಮೇಲೆ ಅನ್ವಯಕ್ಕೆ ಏನಾದರೂ ಹೇಳಬೇಕಿತ್ತು. ಮೋಟಾರು, ಫ್ಯಾನುಗಳನ್ನು ಎಲ್ಲರೂ ಹೇಳುತ್ತಾರೆ, ನಾನು ಬೇರೆಯದನ್ನು ಹೇಳೋಣ ಎಂಬ ಆಸೆಯಿಂದ ಕಪ್ಪುಹಲಗೆಯ ಮೇಲೆ ಭೂಮಿಯನ್ನು ಬರೆದು, ಸುತ್ತ ಬಲರೇಖೆಗಳನ್ನು ಎಳೆದೆ. ಬಾಹ್ಯಾಕಾಶದಿಂದ ವಿಶ್ವಕಿರಣಗಳು ಹಗಲೂ ರಾತ್ರಿ ಬರುತ್ತಿರುತ್ತವೆ, ಅವುಗಳಿಂದ ಹುಟ್ಟಿದ ಕಣಗಳು ನಮ್ಮ ಅಂಗೈ ಮೇಲೆ ಸರಿಸುಮಾರು ಸೆಕೆಂಡಿಗೊಂದರಂತೆ ಬೀಳುತ್ತವೆ ಎಂದೆ. ಅಲ್ಲಿಯವರೆಗೆ ಸರಿಯೇ ಇತ್ತು. ಮುಂದಿನ ವಾಕ್ಯದಲ್ಲಿ ಎಡವಿದೆ: “ಭೂಮಿಯ ಕಾಂತಕ್ಷೇತ್ರ ಕೊಡೆಯ ಹಾಗೆ ಇವನ್ನು ತಡೆಯುತ್ತದೆ.”

ಕಿಟಕಿ ಪಕ್ಕದ ಬೆಂಚಿನ ಹುಡುಗಿಯೊಬ್ಬಳು ಎದ್ದಳು. “ಮಿಸ್, ಕೊಡೆ ತಡೆದ್ರೆ ನಮ್ ಕೈ ಮೇಲೆ ಹೇಗೆ ಬೀಳ್ತವೆ?”

“ಸ್ವಲ್ಪ ತಡೆಯುತ್ತೆ, ಸ್ವಲ್ಪ ಬಿಡುತ್ತೆ. ಇಲ್ಲಿಗೆ ಬರೋ ಹೊತ್ತಿಗೆ ಅವುಗಳ ವೇಗ ಕಡಿಮೆ ಆಗಿರುತ್ತೆ” ಎಂದೆ. ಗಂಟೆ ಹೊಡೆಯಿತು. ಬದುಕಿದೆ ಎಂದುಕೊಂಡು ಹೊರಗೆ ಬಂದರೆ, ಹಿಂದೆ ಕುಳಿತು ಪಾಠ ವೀಕ್ಷಿಸುತ್ತಿದ್ದ ನಮ್ಮ ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: ‘ತಡೆಯುತ್ತದೆಯೋ, ತಿರುಗಿಸುತ್ತದೆಯೋ? ನಾಳಿನ ಪಾಠದಲ್ಲಿ ಮಕ್ಕಳಿಗೇ ಹೇಳಿ.’

ಆ ರಾತ್ರಿ ಓದಿಕೊಂಡದ್ದು, ಮರುದಿನ ತರಗತಿಯಲ್ಲಿ ಮಾಡಿದ್ದು, ಆಮೇಲೆ ಇನ್ನೂ ತಿಳಿದದ್ದು ಎಲ್ಲವೂ ಈ ಲೇಖನದಲ್ಲಿವೆ. ಇದೇ ಪಾಠವನ್ನು ಮಾಡಲಿರುವ ಸಹಪಾಠಿಗಳಿಗೆ ಉಪಯೋಗವಾದೀತು.

ನಾಚಿಕೆಯ ಸಂಗತಿಯೆಂದರೆ, ಉತ್ತರ ನನ್ನ ಮೇಜಿನ ಮೇಲಿದ್ದ ಪಠ್ಯಪುಸ್ತಕದಲ್ಲೇ ಇತ್ತು. ಕಾಂತಕ್ಷೇತ್ರದಲ್ಲಿ ಮುಕ್ತವಾಗಿ ಚಲಿಸುವ ಪ್ರೋಟಾನಿನ ರಾಶಿ, ಜವ, ವೇಗ, ಸಂವೇಗ ಇವುಗಳಲ್ಲಿ ಯಾವುದು ಬದಲಾಗಬಹುದು ಎಂದು ಆ ಪಾಠದ ನಡುವೆ ಒಂದು ಪ್ರಶ್ನೆಯಿದೆ. ವೇಗ ಮತ್ತು ಸಂವೇಗ ಎಂಬುದು ಉತ್ತರ. ಅದನ್ನು ನಾನೇ ಮಕ್ಕಳಿಗೆ ಬರೆಸಿದ್ದೆ. ಜವ ಬದಲಾಗುವುದಿಲ್ಲ ಎಂದು ಬರೆಸಿದ ಬಾಯಲ್ಲೇ ‘ವೇಗ ಕಡಿಮೆ ಆಗಿರುತ್ತೆ’ ಎಂದಿದ್ದೆ. ನಾವು ಮಾತಿನಲ್ಲಿ ಜವಕ್ಕೂ ವೇಗ ಎನ್ನುತ್ತೇವೆ. ಪುಸ್ತಕದ ಭಾಷೆಯಲ್ಲಿ ದಿಕ್ಕು ಬದಲಾದರೂ ವೇಗ ಬದಲಾದಂತೆಯೇ. ಈ ಒಂದು ವ್ಯತ್ಯಾಸ ಗಟ್ಟಿಯಾಗಿದ್ದರೆ ನಾನು ಎಡವುತ್ತಿರಲಿಲ್ಲ.

ದಾರಕ್ಕೆ ಚಾಕ್‌ಪೀಸಿನ ಡಬ್ಬಿ ಕಟ್ಟಿ ತಲೆಯ ಮೇಲೆ ತಿರುಗಿಸಿದರೆ ದಾರ ಅದನ್ನು ಸದಾ ಒಳಕ್ಕೆ ಎಳೆಯುತ್ತಿರುತ್ತದೆ. ಡಬ್ಬಿ ಮುಂದಕ್ಕೆ ಹೋಗುತ್ತಿದೆ, ಎಳೆತ ಪಕ್ಕಕ್ಕೆ. ಆದ್ದರಿಂದ ಎಳೆತ ಡಬ್ಬಿಯ ದಿಕ್ಕನ್ನು ಬಾಗಿಸುತ್ತದೆಯೇ ಹೊರತು ಅದನ್ನು ಮುಂದಕ್ಕೆ ನೂಕುವುದೂ ಇಲ್ಲ, ಹಿಂದಕ್ಕೆ ಹಿಡಿಯುವುದೂ ಇಲ್ಲ. ಕಾಂತಕ್ಷೇತ್ರವು ವಿದ್ಯುದಾವೇಶವಿರುವ ಕಣದ ಮೇಲೆ ಹಾಕುವ ಬಲವೂ ಹೀಗೆಯೇ ಯಾವಾಗಲೂ ಚಲನೆಗೆ ಲಂಬ. ಲಂಬವಾದ ಬಲ ಕೆಲಸ ಮಾಡುವುದಿಲ್ಲ, ಕೆಲಸವಿಲ್ಲದಿದ್ದರೆ ಚಲನಶಕ್ತಿಯಲ್ಲಿ ಬದಲಾವಣೆಯೂ ಇಲ್ಲ. ಕಣ ಕ್ಷೇತ್ರದ ಬಲರೇಖೆಯ ಉದ್ದಕ್ಕೇ ಸಾಗಿದರೆ ಬಲವೇ ಇಲ್ಲ. ವಿದ್ಯುತ್ ಕ್ಷೇತ್ರದ ವಿಷಯ ಬೇರೆ. ಅದು ಕಣವನ್ನು ತನ್ನ ದಿಕ್ಕಿಗೇ ಎಳೆಯುತ್ತದೆ ಇಲ್ಲವೆ ನೂಕುತ್ತದೆ. ಶಕ್ತಿಯನ್ನು ಕೊಡುತ್ತದೆ ಇಲ್ಲವೆ ಕಸಿಯುತ್ತದೆ. ಕಾಂತಕ್ಷೇತ್ರ ಕಣದ ದಾರಿಯನ್ನು ತಿರುಗಿಸುತ್ತದೆ, ವಿದ್ಯುತ್ ಕ್ಷೇತ್ರ ಅದರ ಶಕ್ತಿಯ ಲೆಕ್ಕವನ್ನೇ ಬದಲಿಸುತ್ತದೆ. ವಿಶ್ವಕಿರಣಗಳ ಕಥೆಯಲ್ಲಿ ಈ ಎರಡೂ ಬರುತ್ತವೆ.

ನಮ್ಮ ಕಾಲೇಜಿನ ಪ್ರಯೋಗಾಲಯದ ಹಳೆಯ ಸಿಆರ್‌ಓ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ತೋರಿಸುತ್ತದೆ. ಒಳಗಿನ ಗನ್ನಿನಲ್ಲಿ ಎಲೆಕ್ಟ್ರಾನುಗಳಿಗೆ ಓಟ ಕೊಡುವುದು ವಿದ್ಯುತ್ ಕ್ಷೇತ್ರ. ಹೊರಗಿನಿಂದ ದಂಡಕಾಂತವೊಂದನ್ನು ಹತ್ತಿರ ತಂದರೆ ಪರದೆಯ ಮೇಲಿನ ಹಸಿರು ಚುಕ್ಕೆ ಪಕ್ಕಕ್ಕೆ ಸರಿಯುತ್ತದೆ, ಆರಿಹೋಗುವುದಿಲ್ಲ. ಶಾಲೆಗೆ ಅದನ್ನು ಹೊತ್ತೊಯ್ಯಲಾಗದೆ ಮೊಬೈಲಿನಲ್ಲಿ ಚಿತ್ರೀಕರಿಸಿ ತೋರಿಸಿದೆ. ಟಿ.ವಿ.ಯ ಮುಂದೆ ಕಾಂತ ಹಿಡಿದು ನೋಡಿ ಎಂದು ಹಳೆಯ ಕೈಪಿಡಿಗಳು ಹೇಳುತ್ತವೆ. ಈಗಿನ ಚಪ್ಪಟೆ ಟಿ.ವಿ.ಯಲ್ಲಿ ಅದು ಆಗದು.

ಇನ್ನು ಬರುತ್ತಿರುವುದು ಏನು ಎಂಬ ಮಾತು. ‘ಕಿರಣ’ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. 1912ರ ಆಗಸ್ಟ್ 7ರಂದು ವಿಕ್ಟರ್ ಹೆಸ್ ಬಲೂನಿನಲ್ಲಿ 5 ಕಿ.ಮೀ.ಗೂ ಹೆಚ್ಚು ಎತ್ತರಕ್ಕೆ ಏರಿ, ಮೇಲೆ ಹೋದಂತೆ ವಿಕಿರಣ ಹೆಚ್ಚುತ್ತದೆ ಎಂದು ಕಂಡುಕೊಂಡರು. ಅದು ಗ್ಯಾಮಾ ಕಿರಣದಂಥದ್ದೇ ಇರಬೇಕೆಂದು ಮಿಲಿಕನ್ ಮೊದಲಾದವರು ಬಹುಕಾಲ ನಂಬಿದ್ದರು. ಗ್ಯಾಮಾ ಕಿರಣಕ್ಕೆ ಆವೇಶವಿಲ್ಲ, ಆದ್ದರಿಂದ ಭೂಮಿಯ ಕಾಂತ ಅದನ್ನು ಮುಟ್ಟಲಾರದು. ಧ್ರುವದಲ್ಲೂ ಸಮಭಾಜಕದಲ್ಲೂ ಅದು ಒಂದೇ ಪ್ರಮಾಣದಲ್ಲಿ ಬೀಳಬೇಕು. 1927ರಲ್ಲಿ ಡಚ್ ವಿಜ್ಞಾನಿ ಯಾಕೋಬ್ ಕ್ಲೇ ಜಾವಾ ಮತ್ತು ಹಾಲೆಂಡ್ ನಡುವಿನ ಹಡಗಿನ ಪ್ರಯಾಣದಲ್ಲಿ ಉಪಕರಣ ಇಟ್ಟುಕೊಂಡು ಅಳೆದಾಗ, ಸಮಭಾಜಕದ ಹತ್ತಿರ ವಿಕಿರಣ ಕಡಿಮೆಯಿತ್ತು. 1932ರ ಹೊತ್ತಿಗೆ ಆರ್ಥರ್ ಕಾಂಪ್ಟನ್ ಪ್ರಪಂಚದ ಹಲವೆಡೆಗಳ ಅಳತೆಗಳನ್ನು ಒಟ್ಟುಗೂಡಿಸಿ ಇದನ್ನು ಖಚಿತಪಡಿಸಿದರು. ಸಮುದ್ರಮಟ್ಟದಲ್ಲಿ ವ್ಯತ್ಯಾಸ ಶೇ 10ರ ಆಸುಪಾಸು, ಎತ್ತರದಲ್ಲಿ ಇನ್ನೂ ಹೆಚ್ಚು. ಕಾಂತಕ್ಕೆ ಬಾಗುವುದಾದರೆ ಅವು ಆವೇಶವುಳ್ಳ ಕಣಗಳೇ ಆಗಿರಬೇಕು.

ಈ ಕಥೆಯಲ್ಲಿ ನಮ್ಮ ಬೆಂಗಳೂರಿಗೂ ಜಾಗವಿದೆ. ಅದು ಕಾಂತೀಯ ಸಮಭಾಜಕಕ್ಕೆ ಬಹಳ ಹತ್ತಿರದ ಊರು. 1939-40ರ ಚಳಿಗಾಲದಲ್ಲಿ ಮಿಲಿಕನ್ ತಮ್ಮ ಸಂಗಡಿಗರೊಂದಿಗೆ ಭಾರತಕ್ಕೆ ಬಂದು ಆಗ್ರಾ, ಪೇಶಾವರ, ಬೆಂಗಳೂರುಗಳಿಂದ ಉಪಕರಣ ಹೊತ್ತ ಬಲೂನುಗಳನ್ನು ಹಾರಿಸಿದ್ದು ಬೇರೆ ಬೇರೆ ಅಕ್ಷಾಂಶಗಳನ್ನು ಹೋಲಿಸುವುದಕ್ಕಾಗಿ. ಯುದ್ಧದ ಆ ವರ್ಷಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಹೋಮಿ ಭಾಭಾ ಅವರೂ ಬೆಂಗಳೂರಿನ ಮೇಲೆ ವಿಮಾನದಲ್ಲಿ ಉಪಕರಣಗಳನ್ನು ಕಳುಹಿಸಿ, ಎತ್ತರಕ್ಕೆ ತಕ್ಕಂತೆ ಕಣಗಳ ಎಣಿಕೆ ಹೇಗೆ ಬದಲಾಗುತ್ತದೆಂದು ಅಳೆದರು. ಉತ್ತರದ ಅಕ್ಷಾಂಶಗಳಲ್ಲಿ ಆದ ಅಳತೆಗಳೊಂದಿಗೆ ಹೋಲಿಸಲು ನಮ್ಮ ಅಕ್ಷಾಂಶದ ಅಂಕಿಗಳು ಬೇಕಿದ್ದವು.

ಭೂಮಿಯ ಕಾಂತಕ್ಷೇತ್ರ ನಮ್ಮ ಭಾಗದಲ್ಲಿ ಸುಮಾರು 0.00004 ಟೆಸ್ಲಾ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಚಿಕ್ಕ ಕಾಂತ ಇದರ ನೂರು ಪಟ್ಟಿಗೂ ಹೆಚ್ಚು ಬಲವಾಗಿರುತ್ತದೆ. ಇಷ್ಟು ಸಪ್ಪೆಯಾದ ಕ್ಷೇತ್ರ ಬೆಳಕಿನ ವೇಗದ ಸಮೀಪ ಬರುವ ಪ್ರೋಟಾನನ್ನು ಏನು ಮಾಡೀತು ಎಂದು ನನಗೂ ಅನಿಸಿತ್ತು. ಲೆಕ್ಕ ಹಾಕಿದೆ. ಸಂವೇಗವನ್ನು ಆವೇಶ ಮತ್ತು ಕಾಂತಕ್ಷೇತ್ರಗಳ ಗುಣಲಬ್ಧದಿಂದ ಭಾಗಿಸಿದರೆ ಬಾಗುವ ದಾರಿಯ ತ್ರಿಜ್ಯ ಸಿಗುತ್ತದೆ. 100 ಕೋಟಿ ಎಲೆಕ್ಟ್ರಾನ್ ವೋಲ್ಟ್, ಅಂದರೆ 1 ಗಿಗಾ ಎಲೆಕ್ಟ್ರಾನ್ ವೋಲ್ಟ್ ಚಲನಶಕ್ತಿಯ ಪ್ರೋಟಾನಿಗೆ ಅದು ಸುಮಾರು 140 ಕಿ.ಮೀ.; 17 ಗಿಗಾದ ಪ್ರೋಟಾನಿಗೆ ಸುಮಾರು ಒಂದೂವರೆ ಸಾವಿರ ಕಿ.ಮೀ. ಭೂಮಿಯ ಕ್ಷೇತ್ರವೋ ಹತ್ತಾರು ಸಾವಿರ ಕಿ.ಮೀ. ದೂರ ಹಬ್ಬಿದೆ, ಮೇಲೆ ಹೋದಂತೆ ಸಡಿಲವಾಗುತ್ತಾ ಹೋದರೂ. ಬಲ ಕಡಿಮೆ, ಆದರೆ ಬಾಗಿಸಲು ಜಾಗ ಬೇಕಾದಷ್ಟಿದೆ. ಹಾಗಾಗಿ ಕಡಿಮೆ ಸಂವೇಗದ ಕಣ ಬಾಗಿ ಬಾಗಿ, ಭೂಮಿಯನ್ನು ಮುಟ್ಟದೆ, ಬಂದಷ್ಟೇ ಶಕ್ತಿಯೊಂದಿಗೆ ಬಾಹ್ಯಾಕಾಶಕ್ಕೆ ಮರಳುತ್ತದೆ. ಹೆಚ್ಚು ಸಂವೇಗದ್ದು ಸ್ವಲ್ಪವೇ ಬಾಗಿ ಒಳಗೆ ಬರುತ್ತದೆ. ದಕ್ಷಿಣ ಭಾರತದಲ್ಲಿ ನೇರ ನೆತ್ತಿಯ ಮೇಲಿನಿಂದ ವಾಯುಮಂಡಲಕ್ಕೆ ಇಳಿಯಬೇಕಾದರೆ ಪ್ರೋಟಾನಿಗೆ ಸುಮಾರು 17 ಗಿಗಾ ಎಲೆಕ್ಟ್ರಾನ್ ವೋಲ್ಟಾದರೂ ಇರಬೇಕು. ಧ್ರುವದ ಬಳಿ ಬಲರೇಖೆಗಳು ನೆಲಕ್ಕೆ ನೆಟ್ಟಗೆ ಇಳಿಯುವುದರಿಂದ ಮೇಲಿನಿಂದ ಬರುವ ಕಣ ರೇಖೆಯ ಗುಂಟವೇ ಜಾರಿ ಬರಬಹುದು. ಅಲ್ಲಿ ಈ ಮಿತಿ ಹೆಚ್ಚುಕಡಿಮೆ ಇಲ್ಲ.

ಕೊಡೆಯ ಬದಲು ಯಾವ ಉಪಮೆ ಕೊಡಲಿ ಎಂದು ಯೋಚಿಸಿ ಕಣದಲ್ಲಿ ರಾಗಿ ತೂರುವುದನ್ನು ಆರಿಸಿಕೊಂಡೆ (ಪ್ರೋಟಾನೂ ಕಣ, ರಾಗಿಯ ಅಂಗಳವೂ ಕಣ, ಮಕ್ಕಳು ನಕ್ಕರು). ಗಾಳಿ ಯಾವುದನ್ನೂ ನಿಲ್ಲಿಸುವುದಿಲ್ಲ. ಹಗುರವಾದ ಹೊಟ್ಟು ದೂರ ಸರಿಯುತ್ತದೆ, ಕಾಳು ಕಾಲ ಬುಡದಲ್ಲೇ ಬೀಳುತ್ತದೆ. ಕೊಡೆಗಿಂತ ಇದು ವಾಸಿ. ಆದರೆ ಗಾಳಿ ಹೊಟ್ಟನ್ನು ನೂಕಿ ಅದಕ್ಕೆ ಓಟ ಕೊಡುತ್ತದೆ, ಕಾಂತಕ್ಷೇತ್ರ ಕೊಡುವುದಿಲ್ಲ. ಇದನ್ನು ಮಕ್ಕಳಿಗೆ ಬಿಡಿಸಿ ಹೇಳದಿದ್ದರೆ ಒಂದು ತಪ್ಪು ಗ್ರಹಿಕೆ ತೆಗೆದು ಇನ್ನೊಂದನ್ನು ನೆಟ್ಟಂತೆ.

ಮರುದಿನದ ತರಗತಿಯಲ್ಲಿ ನನಗೇ ಅತ್ಯಂತ ಖುಷಿ ಕೊಟ್ಟ ಭಾಗ ಎಡಗೈ ನಿಯಮದ್ದು. ಮಕ್ಕಳನ್ನು ಎದ್ದು ನಿಲ್ಲಿಸಿದೆ. ಸಮಭಾಜಕದ ಬಳಿ ಭೂಮಿಯ ಕ್ಷೇತ್ರ ದಕ್ಷಿಣದಿಂದ ಉತ್ತರಕ್ಕೆ, ಆದ್ದರಿಂದ ತೋರುಬೆರಳು ಉತ್ತರಕ್ಕೆ. ಧನಾವೇಶದ ಕಣ ಮೇಲಿನಿಂದ ಕೆಳಕ್ಕೆ ಬರುತ್ತಿದೆ, ಆದ್ದರಿಂದ ಮಧ್ಯದ ಬೆರಳು ನೆಲಕ್ಕೆ. ಹೆಬ್ಬೆರಳು ಎತ್ತ? ನಲವತ್ತು ಹೆಬ್ಬೆರಳುಗಳು ಪೂರ್ವಕ್ಕೆ, ಶಾಲೆಯ ಗೇಟಿನ ಕಡೆಗೆ ತೋರಿದವು. ಋಣಾವೇಶದ ಕಣವಾದರೆ ಪಶ್ಚಿಮಕ್ಕೆ ಬಾಗುತ್ತದೆ.

ಈಗ ಒಂದು ಗ್ಲೋಬು, ಒಂದು ತೆಂಗಿನ ಪೊರಕೆಯ ಕಡ್ಡಿ. ಗ್ಲೋಬಿನ ಮೇಲೆ ಬೆಂಗಳೂರಿನ ಜಾಗದಲ್ಲಿ ಕಡ್ಡಿಯ ತುದಿಯಿಟ್ಟು, ಕಣ ಬಂದ ದಾರಿಯನ್ನು ಹಿಂದಕ್ಕೆ ಗುರುತಿಸುತ್ತಾ ಹೋಗಬೇಕು. ಧನಾವೇಶದ ಕಣ ಪೂರ್ವದ ಕಡೆಯಿಂದ ಓರೆಯಾಗಿ, ಪಶ್ಚಿಮಕ್ಕೆ ಮುಖ ಮಾಡಿ ಬಂದಿದೆ ಎನ್ನಿ. ಎಡಗೈ ಹಿಡಿದು ನೋಡಿದರೆ ಬಲ ಕೆಳಕ್ಕೆ, ನೆಲದ ಕಡೆಗೆ. ಎಂದರೆ ದಾರಿ ಭೂಮಿಯ ಕಡೆಗೇ ಬಾಗಿದೆ. ಕಡ್ಡಿಯನ್ನು ಹಾಗೆ ಬಾಗಿಸಿದರೆ ಅದರ ಇನ್ನೊಂದು ತುದಿ ಬಂಗಾಳ ಕೊಲ್ಲಿಯ ಆಚೆ ಎಲ್ಲೋ ಗ್ಲೋಬನ್ನೇ ಚುಚ್ಚುತ್ತದೆ. ಭೂಮಿಯೊಳಗಿಂದ ವಿಶ್ವಕಿರಣ ಬರಲು ಸಾಧ್ಯವಿಲ್ಲವಲ್ಲ, ಆದ್ದರಿಂದ ಆ ದಾರಿ ಮುಚ್ಚಿದೆ. ಕಡಿಮೆ ಬಾಗುವ, ಅಂದರೆ ಹೆಚ್ಚು ಸಂವೇಗದ ಕಣಕ್ಕೆ ಮಾತ್ರ ಅದು ತೆರೆದಿದೆ. ಪಶ್ಚಿಮದಿಂದ ಬಂದ ಕಣಕ್ಕೆ ಬಲ ಮೇಲಕ್ಕೆ. ಕಡ್ಡಿ ಗ್ಲೋಬಿನಿಂದ ದೂರ ಬಾಗಿ ಆಕಾಶಕ್ಕೆ ಹೋಗುತ್ತದೆ, ದಾರಿ ತೆರೆದಿದೆ. ಭೂಮಿಯನ್ನು ಒಂದು ಆದರ್ಶ ದಂಡಕಾಂತ ಎಂದುಕೊಂಡು ಸಮಭಾಜಕದಲ್ಲಿ ಲೆಕ್ಕ ಹಾಕಿದರೆ, ಪೂರ್ವ ದಿಗಂತದಿಂದ ಬರಲು ಸುಮಾರು 60 ಗಿಗಾ ಎಲೆಕ್ಟ್ರಾನ್ ವೋಲ್ಟ್ ಬೇಕು, ನೆತ್ತಿಯಿಂದ 15, ಪಶ್ಚಿಮ ದಿಗಂತದಿಂದ 10 ಸಾಕು. ಆ 60 ಎಲ್ಲಿಂದ ಬಂತು ಎಂದರೆ, ಅಷ್ಟು ಶಕ್ತಿಯ ಪ್ರೋಟಾನಿನ ದಾರಿಯ ತ್ರಿಜ್ಯ ಭೂಮಿಯ ತ್ರಿಜ್ಯಕ್ಕೇ ಸಮ. ಪೊರಕೆ ಕಡ್ಡಿ ಗ್ಲೋಬಿಗೆ ಸರಿಯಾಗಿ ಅಂಟಿಕೊಂಡು ಕೂರುವ ಸ್ಥಿತಿ ಅದು.

ಹಾಗಾದರೆ ಪಶ್ಚಿಮದಿಂದ ಹೆಚ್ಚು ಬಂದರೆ ವಿಶ್ವಕಿರಣಗಳು ಧನಾವೇಶದವು, ಪೂರ್ವದಿಂದ ಹೆಚ್ಚು ಬಂದರೆ ಋಣಾವೇಶದವು. ಬ್ರೂನೋ ರೊಸ್ಸಿ 1930ರಲ್ಲೇ ಹೀಗೆ ತರ್ಕಿಸಿದ್ದರು. 1933ರಲ್ಲಿ ಮೆಕ್ಸಿಕೋ ನಗರದಲ್ಲಿ ಥಾಮಸ್ ಜಾನ್ಸನ್ ಹಾಗೂ ಕಾಂಪ್ಟನ್ನರ ವಿದ್ಯಾರ್ಥಿ ಲೂಯಿಸ್ ಆಲ್ವಾರೆಜ್, ಎರಿಟ್ರಿಯಾದ ಅಸ್ಮಾರಾದಲ್ಲಿ ಸ್ವತಃ ರೊಸ್ಸಿ ಅಳೆದು ನೋಡಿದರು. ಆಲ್ವಾರೆಜ್ ಹೋಟೆಲಿನ ತಾರಸಿಯ ಮೇಲೆ ಎಣಿಕೆಯ ಕೊಳವೆಗಳನ್ನು ಒಂದು ತಳ್ಳುಗಾಡಿಯಲ್ಲಿಟ್ಟು ಒಮ್ಮೆ ಪೂರ್ವಕ್ಕೆ, ಒಮ್ಮೆ ಪಶ್ಚಿಮಕ್ಕೆ ತಿರುಗಿಸಿ ಎಣಿಸಿದರು. ಪಶ್ಚಿಮದಿಂದಲೇ ಶೇ 10ರಷ್ಟು ಹೆಚ್ಚು. ಬರುತ್ತಿದ್ದುದು ಧನಾವೇಶದ ಕಣಗಳು; ಅವುಗಳಲ್ಲಿ ಹೆಚ್ಚಿನವು ಪ್ರೋಟಾನುಗಳೆಂದು ಮುಂದೆ ತಿಳಿಯಿತು. ನಾವು ಪರೀಕ್ಷೆಗೆಂದು ಬೆರಳು ತಿರುಚಿ ಕಲಿಸುವ ನಿಯಮವನ್ನೇ ಹಿಡಿದು, ಆಗ ಆಲ್ವಾರೆಜ್ ನಮಗಿಂತಲೂ ಚಿಕ್ಕ ವಯಸ್ಸಿನಲ್ಲಿ ಒಂದು ವಾದವನ್ನು ತೀರ್ಮಾನಿಸಿಬಿಟ್ಟರು. ಇದನ್ನು ಹೇಳುವಾಗ ನನ್ನ ಧ್ವನಿ ಸ್ವಲ್ಪ ಏರಿತ್ತೆಂದು ಹಿಂದೆ ಕೂತಿದ್ದ ಗೆಳತಿ ಆಮೇಲೆ ಹೇಳಿದಳು.

ಇಷ್ಟು ಹೊತ್ತು ‘ತಿರುಗಿಸುತ್ತದೆ’ ಎಂದೆ. ಹಾಗಾದರೆ ತಡೆಯುವವರು ಯಾರು? ವಾಯುಮಂಡಲ. ಪ್ರತಿ ಚದರ ಮೀಟರ್ ನೆಲದ ಮೇಲೆ ಸುಮಾರು 10 ಟನ್ ಗಾಳಿ ನಿಂತಿದೆ. ಮೇಲಿನಿಂದ ಬಂದ ಪ್ರೋಟಾನು ಹದಿನೈದು ಇಪ್ಪತ್ತು ಕಿ.ಮೀ. ಎತ್ತರದಲ್ಲೇ ಗಾಳಿಯ ಪರಮಾಣುವಿಗೆ ಬಡಿದು ಪಯಾನುಗಳನ್ನು ಹುಟ್ಟಿಸುತ್ತದೆ, ಅವು ಮ್ಯೂಯಾನುಗಳಾಗುತ್ತವೆ. ನಮ್ಮ ಅಂಗೈಗೆ ತಾಗುವುದು ಬಹುಪಾಲು ಈ ಮ್ಯೂಯಾನುಗಳೇ. ಅವು ನೆಲಕ್ಕೆ ಬರುವಷ್ಟರಲ್ಲಿ ಗಾಳಿಯಲ್ಲಿ ಸುಮಾರು 2 ಗಿಗಾ ಎಲೆಕ್ಟ್ರಾನ್ ವೋಲ್ಟ್ ಕಳೆದುಕೊಂಡಿರುತ್ತವೆ. ನಾನು ತರಗತಿಯಲ್ಲಿ ಹೇಳಿದ ‘ವೇಗ ಕಡಿಮೆ ಆಗಿರುತ್ತೆ’ ಎಂಬ ಮಾತು ಸೇರಬೇಕಾದದ್ದು ಇಲ್ಲಿಗೆ, ಕಾಂತಕ್ಕಲ್ಲ. ಧ್ರುವದ ಬಳಿ ಕಾಂತದ ಮಿತಿ ಇಲ್ಲದಿದ್ದರೂ ಸಮುದ್ರಮಟ್ಟದ ಎಣಿಕೆ ಶೇ 10ರಷ್ಟೇ ಹೆಚ್ಚಾಗುವುದಕ್ಕೂ ಇದೇ ಕಾರಣ. ಅಲ್ಲಿ ಒಳಬಂದ ಸಣ್ಣ ಶಕ್ತಿಯ ಕಣಗಳ ಮರಿಗಳು ಗಾಳಿಯಲ್ಲೇ ಮುಗಿದುಹೋಗುತ್ತವೆ.

ಆವೇಶವೇ ಇಲ್ಲದ ಕಣಕ್ಕೆ ಕಾಂತವೂ ಇಲ್ಲ, ವಿದ್ಯುತ್ತೂ ಇಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಎರಡು ಕಿ.ಮೀ.ಗೂ ಹೆಚ್ಚು ಆಳದಲ್ಲಿ, ಮ್ಯೂಯಾನುಗಳೂ ಬಲು ಅಪರೂಪವಾಗುವ ಕಡೆ, 1965ರಲ್ಲಿ ವಿಶ್ವಕಿರಣಗಳಿಂದ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತು ಸಿಕ್ಕಿತು. ತರಗತಿಯಲ್ಲಿ ಕೆ.ಜಿ.ಎಫ್. ಎಂದ ಕೂಡಲೇ ಮಕ್ಕಳು ಸಿನಿಮಾದ ಮಾತೆತ್ತಿದರು. ಐದು ನಿಮಿಷ ಹೋಯಿತು.

ವಿದ್ಯುತ್ ಕ್ಷೇತ್ರಕ್ಕೆ ಬರೋಣ. ಬಿಸಿಲಿನ ದಿನ ನೆಲದ ಬಳಿ ಪ್ರತಿ ಮೀಟರಿಗೆ ಸುಮಾರು 100 ವೋಲ್ಟಿನ ಕ್ಷೇತ್ರವಿರುತ್ತದೆ. ನೆಲದಿಂದ ಅಯಾನುಮಂಡಲದವರೆಗಿನ ಒಟ್ಟು ವಿಭವಾಂತರ ಎರಡೂವರೆ ಮೂರು ಲಕ್ಷ ವೋಲ್ಟ್. ಕೇಳಲು ದೊಡ್ಡದು, ಗಿಗಾ ಎಂದರೆ 100 ಕೋಟಿ ಎಂಬುದನ್ನು ನೆನೆದರೆ ಮ್ಯೂಯಾನಿಗೆ ಅದು ಲೆಕ್ಕಕ್ಕೇ ಇಲ್ಲ. ಗುಡುಗಿನ ಮೋಡ ಬಂದಾಗ ಪರಿಸ್ಥಿತಿ ಬದಲಾಗುತ್ತದೆ. ಗುಡುಗುಮೋಡದಲ್ಲಿ 100 ಕೋಟಿ ವೋಲ್ಟಿನಷ್ಟು ವಿಭವಾಂತರ ಇರಬಹುದೆಂದು ಸಿ.ಟಿ.ಆರ್. ವಿಲ್ಸನ್ 1920ರ ದಶಕದಲ್ಲೇ ಊಹಿಸಿದ್ದರು. ಬಲೂನು ಕಳುಹಿಸಿ ಅಳೆದವರಿಗೆ ಸಿಕ್ಕ ಗರಿಷ್ಠ ಅಂಕಿ ಅದರ ಎಂಟನೆಯ ಒಂದು ಭಾಗದಷ್ಟು. ಬಲೂನು ಮೋಡದ ಒಂದು ಗೆರೆಯಲ್ಲಷ್ಟೇ ಹೋಗುತ್ತದೆ, ಇಡೀ ಮೋಡವನ್ನು ಒಮ್ಮೆಗೇ ನೋಡುವುದಿಲ್ಲ.

ನೋಡಿದ್ದು ಊಟಿಯಲ್ಲಿ. ಆ ಶಾಲೆಯ ಮಕ್ಕಳು ಹಿಂದಿನ ವರ್ಷ ಪ್ರವಾಸ ಹೋಗಿ ಬಂದಿದ್ದ ಊಟಿಯೇ. ಸುಮಾರು 2,200 ಮೀಟರ್ ಎತ್ತರದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಶ್ವಕಿರಣ ಪ್ರಯೋಗಾಲಯವಿದೆ. ಅಲ್ಲಿನ ‘ಗ್ರೇಪ್ಸ್-3’ ಪ್ರಯೋಗದ ಮ್ಯೂಯಾನ್ ದೂರದರ್ಶಕಕ್ಕೆ ಮಸೂರವಿಲ್ಲ, ಕನ್ನಡಿಯಿಲ್ಲ. ತಲಾ 6 ಮೀಟರ್ ಉದ್ದದ 3,712 ಕಬ್ಬಿಣದ ಎಣಿಕೆ ಕೊಳವೆಗಳನ್ನು ಪದರಪದರವಾಗಿ ಅಡ್ಡ ಉದ್ದ ಜೋಡಿಸಿ, ಮೇಲೆ ಸುಮಾರು 2 ಮೀಟರ್ ದಪ್ಪದ ಕಾಂಕ್ರೀಟು ಹೇರಿದ್ದಾರೆ. ಆ ಕಾಂಕ್ರೀಟನ್ನು ದಾಟಲು ಮ್ಯೂಯಾನಿಗೆ ಸುಮಾರು 1 ಗಿಗಾ ಎಲೆಕ್ಟ್ರಾನ್ ವೋಲ್ಟ್ ಬೇಕು. ಯಾವ ಯಾವ ಕೊಳವೆಗಳು ಮಿಡಿದವು ಎಂಬುದರಿಂದ ಮ್ಯೂಯಾನು ಯಾವ ದಿಕ್ಕಿನಿಂದ ಬಂತೆಂದು ತಿಳಿಯುತ್ತದೆ. 560 ಚದರ ಮೀಟರಿನಲ್ಲಿ ನಿಮಿಷಕ್ಕೆ ಸುಮಾರು 25 ಲಕ್ಷ ಮ್ಯೂಯಾನು. ಇಷ್ಟು ಎಣಿಕೆ ಏಕೆ ಬೇಕು ಎಂದು ಒಬ್ಬ ಹುಡುಗ ಕೇಳಿದ. 25 ಲಕ್ಷದ ವರ್ಗಮೂಲ ಸುಮಾರು 1,600. ಎಣಿಕೆ ತನ್ನಷ್ಟಕ್ಕೆ ಅಷ್ಟು ಹೆಚ್ಚುಕಡಿಮೆ ಆಗುತ್ತಲೇ ಇರುತ್ತದೆ. ಅದರಲ್ಲಿ ಶೇ 2ರಷ್ಟು, ಅಂದರೆ 50,000 ಕಡಿಮೆಯಾದರೆ ಕಾಣದೆ ಇರದು. ನೂರೇ ಎಣಿಸಿದ್ದರೆ ಎರಡು ಕಡಿಮೆಯಾದದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

2014ರ ಡಿಸೆಂಬರ್ 1ರಂದು ಊಟಿಯ ಮೇಲೆ ಗುಡುಗುಮೋಡವೊಂದು ಗಂಟೆಗೆ ಸುಮಾರು 60 ಕಿ.ಮೀ. ವೇಗದಲ್ಲಿ ಸಾಗಿತು. ಮೋಡವಿದ್ದ ದಿಕ್ಕುಗಳಲ್ಲಿ 18 ನಿಮಿಷಗಳ ಕಾಲ ಮ್ಯೂಯಾನುಗಳ ಎಣಿಕೆ ಸುಮಾರು ಶೇ 2ರಷ್ಟು ಇಳಿಯಿತು. ಮ್ಯೂಯಾನುಗಳಲ್ಲಿ ಧನ, ಋಣ ಎರಡೂ ಇವೆ. ಮೋಡದ ವಿದ್ಯುತ್ ಕ್ಷೇತ್ರ ಒಂದು ಬಗೆಯದಕ್ಕೆ ಶಕ್ತಿ ಕೊಟ್ಟರೆ ಇನ್ನೊಂದರಿಂದ ಅಷ್ಟನ್ನೇ ಕಸಿಯುತ್ತದೆ. ಎರಡೂ ಸಮಸಂಖ್ಯೆಯಲ್ಲಿದ್ದರೆ ಹೆಚ್ಚಳವೂ ಇಳಿಕೆಯೂ ಬಹುಮಟ್ಟಿಗೆ ಹೊಂದಿಹೋಗುತ್ತಿದ್ದವು. ಆದರೆ ಮೂಲದಲ್ಲಿ ಬರುವುದೇ ಪ್ರೋಟಾನು, ಹಾಗಾಗಿ ಧನ ಮ್ಯೂಯಾನುಗಳು ತುಸು ಹೆಚ್ಚು. ಅಂದು ಅವು ಶಕ್ತಿ ಕಳೆದುಕೊಳ್ಳುವ ಕಡೆಗಿದ್ದವು. ಅಂಚಿನಲ್ಲಿದ್ದ ಒಂದಷ್ಟು ಕಾಂಕ್ರೀಟನ್ನು ದಾಟಲಾರದೆ ಹೋದವು. ಇಷ್ಟು ಇಳಿಕೆಗೆ ಎಷ್ಟು ವೋಲ್ಟ್ ಬೇಕೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದಾಗ ಸಿಕ್ಕ ಉತ್ತರ 130 ಕೋಟಿ ವೋಲ್ಟ್. ಅಂದಿನವರೆಗೆ ಅಳೆದಿದ್ದ ಗರಿಷ್ಠಕ್ಕಿಂತ ಹತ್ತು ಪಟ್ಟು. 2019ರಲ್ಲಿ ಇದು ಪ್ರಕಟವಾಯಿತು. ವಿಲ್ಸನ್ನರ ಊಹೆ ಸುಮಾರು ತೊಂಬತ್ತು ವರ್ಷ ಕಾದಿತ್ತು.

ಅದೇ ಕೊಳವೆಗಳು ಮರುವರ್ಷ ಕಾಂತಕ್ಷೇತ್ರದ ಆಟವನ್ನೂ ದಾಖಲಿಸಿದವು. 2015ರ ಜೂನ್ 22ರಂದು, ಸೂರ್ಯನಿಂದ ಚಿಮ್ಮಿದ ಪ್ಲಾಸ್ಮಾ ಮೋಡ ಭೂಮಿಗೆ ಬಡಿದು ತೀವ್ರ ಕಾಂತೀಯ ಬಿರುಗಾಳಿ ಎದ್ದಿತು. ಊಟಿಯಲ್ಲಿ ಸುಮಾರು ಎರಡು ಗಂಟೆ ಮ್ಯೂಯಾನುಗಳು ಹೆಚ್ಚಾದವು. ಆ ಮೋಡ ಹೊತ್ತು ತಂದ ಕಾಂತಕ್ಷೇತ್ರ ದಕ್ಷಿಣಮುಖವಾಗಿತ್ತು, ಭೂಮಿಯದು ಉತ್ತರಮುಖ. ಭೂಮಿಯ ಕ್ಷೇತ್ರ ಸ್ವಲ್ಪ ಹೊತ್ತು ಸಡಿಲಗೊಂಡು ಒಳಬರುವ ಮಿತಿ ಇಳಿಯಿತು, ಹಿಂದೆ ಬಾಗಿ ಹೊರಹೋಗುತ್ತಿದ್ದ ಕೆಲವು ಪ್ರೋಟಾನುಗಳು ಒಳಬಂದವು ಎಂಬುದು ಸಂಶೋಧಕರು 2016ರಲ್ಲಿ ಕೊಟ್ಟ ವಿವರಣೆ. ಗುಡುಗುಮೋಡ ಮ್ಯೂಯಾನುಗಳ ಶಕ್ತಿಗೆ ಕೈ ಹಾಕಿತು. ಕಾಂತೀಯ ಬಿರುಗಾಳಿ ಯಾರ ಶಕ್ತಿಯನ್ನೂ ಮುಟ್ಟದೆ ಯಾರು ಒಳಗೆ ಬರಬಹುದು ಎಂಬುದನ್ನು ಬದಲಿಸಿತು. ಈ ಎರಡು ದಿನಗಳನ್ನು ಹಲಗೆಯ ಮೇಲೆ ಪಕ್ಕಪಕ್ಕ ಬರೆದಾಗ ನನಗೇ ನನ್ನ ತಪ್ಪು ಪೂರ್ತಿ ಅರ್ಥವಾದದ್ದು.

ತರಗತಿಯ ಮಟ್ಟಿಗೆ ಹೇಳುವುದಾದರೆ ನಾನು ಅತಿಯಾಗಿ ತುಂಬಿದೆ. 40 ನಿಮಿಷಕ್ಕೆ ದಾರ, ಸಿಆರ್‌ಓ, ಪೊರಕೆ ಕಡ್ಡಿ, ಊಟಿ ಎಲ್ಲವನ್ನೂ ತುರುಕಿದರೆ ಮೌಲ್ಯಮಾಪನಕ್ಕೆ ಸಮಯ ಎಲ್ಲಿ? ಮಾರ್ಗದರ್ಶಕರು ಅಂಕ ಕಳೆದರು, ಸರಿಯಾಗಿಯೇ ಕಳೆದರು. ಮತ್ತೊಮ್ಮೆ ಮಾಡುವುದಾದರೆ ಎಡಗೈ ಮತ್ತು ಗ್ಲೋಬಿಗೆ ಒಂದು ಅವಧಿ ಪೂರ್ತಿ ಕೊಟ್ಟು, ಊಟಿಯನ್ನು ವಿಜ್ಞಾನ ಸಂಘದ ಚಟುವಟಿಕೆಗೆ ಬಿಡುತ್ತೇನೆ. ಆದರೆ ಪಾಠ ಶುರು ಮಾಡುವ ಮೊದಲು “ನಿನ್ನೆ ನಾನು ಹೇಳಿದ್ದು ತಪ್ಪು, ಕೊಡೆಯ ಚಿತ್ರ ಅಳಿಸಿಬಿಡಿ” ಎಂದದ್ದನ್ನು ಬಿಡುವುದಿಲ್ಲ. ಮಕ್ಕಳು ರಬ್ಬರು ಹುಡುಕಿದರು, ಯಾರೂ ನಗಲಿಲ್ಲ.

ಕೊನೆಗೆ ಅದೇ ಹುಡುಗಿ ಮತ್ತೆ ಎದ್ದಳು. “ಮಿಸ್, ಮೋಡದಡಿ ಕಡಿಮೆ ಆಯ್ತು ಅಂದ್ರಿ. ಎಲ್ಲಾದ್ರೂ ಜಾಸ್ತಿನೂ ಆಗುತ್ತಾ?” ಈ ಸಲ ತಟ್ಟನೆ ಉತ್ತರಿಸಲಿಲ್ಲ, ನಾಳೆ ಹೇಳುತ್ತೇನೆ ಎಂದೆ. ಆಗುತ್ತದೆ. ಅರ್ಮೇನಿಯಾದ ಅರಾಗಾಟ್ಸ್ ಬೆಟ್ಟದ ಮೇಲಿನ ಕೇಂದ್ರದಲ್ಲಿ ಗುಡುಗುಮೋಡ ತೀರ ಹತ್ತಿರ ಬಂದಾಗ ಎಲೆಕ್ಟ್ರಾನು ಮತ್ತು ಗ್ಯಾಮಾ ಕಿರಣಗಳ ಎಣಿಕೆ ನಿಮಿಷಗಳ ಕಾಲ ಏರುವುದನ್ನು ಹಲವು ಬಾರಿ ದಾಖಲಿಸಿದ್ದಾರೆ. ಹಗುರವಾದ ಎಲೆಕ್ಟ್ರಾನುಗಳಿಗೆ ಮೋಡದ ವಿದ್ಯುತ್ ಕ್ಷೇತ್ರ ಓಟ ಕೊಡುತ್ತದೆ, ಅವು ಗಾಳಿಗೆ ಬಡಿದು ಇನ್ನಷ್ಟು ಎಲೆಕ್ಟ್ರಾನುಗಳನ್ನು ಎಬ್ಬಿಸುತ್ತವೆ. ಮರುದಿನ ಪ್ರಾರ್ಥನೆಗೆ ಮುಂಚೆ, ಅವಳು ಸೈಕಲ್ ನಿಲ್ಲಿಸುತ್ತಿದ್ದಾಗಲೇ ಇದನ್ನು ಹೇಳಿದೆ.